ಲೆಸ್ಲಿಗೆ ಕೊಟ್ಟ ಬೆಲ್ಲ ನೀರು

ಇಂಗ್ಲಿಷ್ ಹೆಸರು ಕಿವಿಗೆ ಬಿದ್ದರೆ ಸಾಕು, ಗಂಡೋ ಹೆಣ್ಣೋ ಹೇಳಿಬಿಡುತ್ತೇನೆ ಎಂಬ ಜಂಬ ನನಗೊಂದು ಕಾಲದಲ್ಲಿ ಇತ್ತು. ಕಾರ್ಕಳದ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರಲ್ಲವೇ, ಸಿದ್ಧಾಂತವನ್ನೇ ಹೊಸೆದಿದ್ದೆ. ರಾಬರ್ಟ್, ಫ್ರೆಡ್ರಿಕ್, ಹೀಗೆ ಬಾಗಿಲು ಹಾಕಿದಂತೆ ಠಕ್ಕೆಂದು ನಿಲ್ಲುವವರು ಗಂಡಸರು. ಮರಿಯಾ, ಎಮಿಲಿ, ಹೀಗೆ ಬಾಗಿಲು ಅರೆ ತೆರೆದಿಟ್ಟು ಹೋಗುವವರು ಹೆಂಗಸರು. ಮಾರ್ಗರೆಟ್ ಅಡ್ಡ ಬಂದರೆ ಅಪವಾದ ಎಂದು ಆಚೆ ಕೂರಿಸುತ್ತಿದ್ದೆ.

ಎಪ್ಪತ್ತರ ದಶಕದ ಆರಂಭ. ಪರ್ಕಳದಲ್ಲಿ ನಮ್ಮ ಮನೆ. ಹೆಂಡತಿ ಸುಶೀಲ ಏಳು ತಿಂಗಳ ಬಸುರಿ. ತಾಯಿಯಿಲ್ಲದವಳು, ಹೆರಿಗೆಗೆ ಹೋಗಲು ತವರಿಲ್ಲ. ನಾನು ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆ. ಅವಳೊಬ್ಬಳೇ ಇರುವಾಗ ನೋವು ಬಂದರೆ ಎಂದು ನನಗೆ ಹೆದರಿಕೆ. ಮುಂದಿನ ಕೋಣೆಯನ್ನು ಮಣಿಪಾಲದಲ್ಲಿ ಕಲಿಯುವ ಹುಡುಗಿಗೆ ಕೊಟ್ಟರೆ ಜೊತೆಯಾಯಿತು ಎಂದುಕೊಂಡೆವು. ಬೊಂಬಾಯಿಯಿಂದ ಕೋಣೆ ಕೇಳಿ ಒಂದು ಕಾಗದ ಬಂತು. ಕಾಪು ಮೂಲದ ಕ್ರಿಶ್ಚಿಯನ್ ಮನೆತನ, ಕ್ಲಾಸು ಮಧ್ಯಾಹ್ನಕ್ಕೇ ಮುಗಿಯುತ್ತದೆ, ಹೆಸರು ಲೆಸ್ಲಿ. ನನ್ನ ಕಿವಿ ಆ ಹೆಸರಿಗೆ ತಕ್ಷಣ ಎರಡು ಜಡೆ ಹೆಣೆಯಿತು.

ಬಂದದ್ದು ಆರಡಿ ಎತ್ತರ, ದಪ್ಪ ಮೀಸೆ, ಹೆಗಲ ಮೇಲೊಂದು ಟ್ರಂಕು. ಹೇಗೆ ವಾಪಸು ಕಳಿಸಲಿ ಎಂದು ನಾನು ಇಂಗ್ಲಿಷ್ ಹುಡುಕುತ್ತಿರುವಾಗಲೇ ಸುಶೀಲ ಜಗಲಿಗೆ ಬೆಲ್ಲ, ನೀರು ತಂದಿಟ್ಟಳು. ಒಳಗೆ ಬಂದು ಕೇಳಿದಳು, "ಇದೆಂತ ಮಾರಾಯ್ರೆ, ಹುಡುಗಿ ಅಂದಿದ್ದಿರಲ್ಲ?"

"ಈಗಲೇ ಕಳಿಸುತ್ತೇನೆ."

"ಬೆಲ್ಲ ನೀರು ಕೊಟ್ಟಾಯಿತಲ್ಲ. ಇನ್ನು ಕಳಿಸುವುದು ಉಂಟಾ?"

ನಮ್ಮ ಕಡೆ ಆ ಮಾತಿನ ಮೇಲೆ ಅಪೀಲಿಲ್ಲ. ಲೆಸ್ಲಿ ಉಳಿದ. ಬಾವಿಯಿಂದ ನೀರು ಸೇದಿಕೊಟ್ಟ, ಕಾಯಿ ತುರಿದುಕೊಟ್ಟ, ಅವಳನ್ನು ಅಕ್ಕ ಎಂದ. ಒಂದು ಮಧ್ಯಾಹ್ನ ನೋವು ಶುರುವಾದಾಗ ಓಡಿಹೋಗಿ ಟ್ಯಾಕ್ಸಿ ತಂದವನು ಅವನೇ. ಸಂಜೆ ನಾನು ಆಸ್ಪತ್ರೆ ಮುಟ್ಟುವಾಗ ಹೊರಗಿನ ಬೆಂಚಿನಲ್ಲಿ ಸುಶೀಲಳ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಒಳಗೆ ತಾಯಿ, ಮಗಳು ಇಬ್ಬರೂ ಸುಖವಾಗಿದ್ದರು. ನನಗೆ ಅಳು ಬಂತು.

ಮಗಳಿಗೆ ಸುಶೀಲ ಬೇಕೆಂದೇ ಕಿರಣ್ ಎಂದು ಹೆಸರಿಟ್ಟಳು, ಠಕ್ಕೆಂದು ನಿಲ್ಲುವ ಹೆಸರು. ನನ್ನ ಸಿದ್ಧಾಂತ ತೊಟ್ಟಿಲಲ್ಲೇ ಕಣ್ಣು ಮುಚ್ಚಿತು.

ಎಂಬತ್ತರ ದಶಕದ ಕೊನೆಗೆ ಕಿರಣ್ ಓದಲೆಂದು ಬೊಂಬಾಯಿಗೆ ಹೋದಳು. ಹಾಸ್ಟೆಲಿನವರು ಅವಳ ಹೆಸರನ್ನು ಗಂಡುಮಕ್ಕಳ ಪಟ್ಟಿಯಲ್ಲಿ ಬರೆದಿದ್ದರಂತೆ. ಅಲ್ಲೂ ನನ್ನಂಥವನೊಬ್ಬ ಇದ್ದನೆಂದು ಕಾಣುತ್ತದೆ. ಹುಡುಗಿ ಟ್ರಂಕು ಹಿಡಿದು, ಓದು ಮುಗಿಸಿ ಬೊಂಬಾಯಿಗೇ ಮರಳಿದ್ದ ಲೆಸ್ಲಿ ಮಾಮನ ಮನೆಗೆ ಹೋದಳು. ಅವಳ ಮೊದಲ ಕಾಗದದಲ್ಲಿತ್ತು: "ಮಾಮ ಮೊದಲು ಬೆಲ್ಲ, ನೀರು ತಂದಿಟ್ಟರು. ಹಾಸ್ಟೆಲು ಸರಿಯಾದ ಕೂಡಲೇ ಹೋಗುತ್ತೇನೆ ಅಂದರೆ, 'ಬೆಲ್ಲ ನೀರು ಕೊಟ್ಟಾಯಿತಲ್ಲ, ಇನ್ನು ಕಳಿಸುವುದು ಉಂಟಾ?' ಅಂದರು."

ಅಂದು ಒಳಗೆ ಆಡಿದ ಮಾತು ಜಗಲಿಯಲ್ಲಿ ಕೂತವನಿಗೆ ಕೇಳಿಸಿತ್ತು. ಕಿವಿ ಎಂದರೆ ಅವನದು.