ಕೊನೆಯ ಚೊಂಬಿನ ಬಿಸಿ

ಕರಟ ಉರಿಯುವ ವಾಸನೆ ಎಂಥದ್ದೆಂದು ಅದನ್ನು ಮೂಸದವರಿಗೆ ಹೇಳಿ ತಿಳಿಸುವುದು ಕಷ್ಟ. ಸೌದೆಯ ಹೊಗೆಯಂತೆ ಅದು ಗಂಟಲಿಗೆ ಬಂದು ಕೂರುವುದಿಲ್ಲ. ಮೊದಲು ಸ್ವಲ್ಪ ಸಿಹಿ, ಆಮೇಲೆ ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುವಂಥ ಜಿಡ್ಡು, ಅದರ ಬೆನ್ನಿಗೇ ಏನೋ ಒಂದು ನೆಮ್ಮದಿ. ಮೊನ್ನೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಯಾರೋ ಟೀ ಅಂಗಡಿಯವರು ಒಲೆಗೆ ಕರಟ ಹಾಕಿದ್ದರು. ಕಿಟಕಿಯಿಂದ ಆ ವಾಸನೆ ಒಳಗೆ ಬಂದದ್ದೇ ತಡ, ನನಗೆ ಮೈತುಂಬ ಹರಳೆಣ್ಣೆ ಹಚ್ಚಿಕೊಂಡು ಬಚ್ಚಲುಮನೆಯ ಬಾಗಿಲಲ್ಲಿ ಸರದಿಗೆ ಕಾಯುತ್ತ ನಿಂತಂತಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, "ಯಾಕಮ್ಮ, ತಲೆ ಸುತ್ತುತ್ತಾ?" ಎಂದು ಕೇಳಿದರು. ಇಲ್ಲ ಎಂದೆ. ನಮ್ಮ ತಾತನ ಬಾಯ್ಲರ್ ನೆನಪಾಯಿತು ಎಂದು ಅಪರಿಚಿತರಿಗೆ ಹೇಳುವುದಾದರೂ ಹೇಗೆ?

ಬಿಳಿಗೆರೆಯ ಹತ್ತಿರದ ನಮ್ಮೂರ ಮನೆಯಲ್ಲಿ ಮೊದಲು ಇದ್ದದ್ದು ಹಂಡೆ. ಬಚ್ಚಲುಮನೆಯ ಮೂಲೆಯಲ್ಲಿ ಮಣ್ಣಿನ ಒಲೆ ಕಟ್ಟಿ, ಅದರ ಮೇಲೆ ಹೊಟ್ಟೆ ಸುಟ್ಟು ಕಪ್ಪಾದ ತಾಮ್ರದ ಹಂಡೆ ಕೂರಿಸಿದ್ದರು. ಬೆಳಿಗ್ಗೆ ಅದು ಕೊತಕೊತ ಕುದಿಯುತ್ತಿತ್ತು. ಗಂಡಸರು ಸ್ನಾನ ಮಾಡಿ ತೋಟಕ್ಕೆ ಹೋಗುತ್ತಿದ್ದರು, ಆಮೇಲೆ ಸ್ಕೂಲಿಗೆ ಹೋಗುವ ಮಕ್ಕಳು, ಆಮೇಲೆ ಅಮ್ಮ, ಅತ್ತೆ. ಒಬ್ಬೊಬ್ಬರು ಮೊಗೆದುಕೊಂಡಂತೆಲ್ಲ ತಣ್ಣೀರು ಸುರಿದು ಸುರಿದು, ಕೊನೆಗೆ ಅಜ್ಜಿಯ ಪಾಲಿಗೆ ಬರುತ್ತಿದ್ದದ್ದು ಉಗುರುಬೆಚ್ಚಗಿನ ನೀರು. ಹಾಲು ಕರೆದು, ಕೊಟ್ಟಿಗೆ ಗುಡಿಸಿ, ರೊಟ್ಟಿ ತಟ್ಟಿ ಮುಗಿಯುವವರೆಗೆ ಅವಳಿಗೆ ಸ್ನಾನವಿಲ್ಲ. ಮದುವೆಯಾಗಿ ಬಂದ ಲಾಗಾಯ್ತಿನಿಂದ ಅವಳು ಆ ನೀರಿನಲ್ಲೇ ಮಿಂದವಳು. ಅದರ ಬಗ್ಗೆ ಗೊಣಗಿದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಚಳಿಗಾಲದಲ್ಲಿ ಸ್ನಾನ ಮುಗಿಸಿ ಬಂದಾಗ ಅವಳ ತುಟಿ ನಡುಗುತ್ತಿದ್ದುದನ್ನು ತಾತ ನೋಡಿದ್ದ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ತಾತ ಒಂದು ದಿನ ತಿಪಟೂರಿನ ಮಂಡಿಗೆ ಕೊಬ್ಬರಿ ಹಾಕಲು ಹೋದವನು, ಬರುವಾಗ ಗಾಡಿಯಲ್ಲಿ ಗೋಣಿತಾಟು ಸುತ್ತಿದ ಏನನ್ನೋ ಮಲಗಿಸಿಕೊಂಡು ಬಂದ. ಬಿಚ್ಚಿ ನೋಡಿದರೆ ನನಗಿಂತ ಎತ್ತರದ ತಾಮ್ರದ ಬಾಯ್ಲರ್! ಹಿತ್ತಾಳೆಯ ನಲ್ಲಿ, ಮೇಲೆ ತಣ್ಣೀರು ಸುರಿಯಲು ಆಲಿಕೆಯಂಥ ಬಾಯಿ, ನಟ್ಟನಡುವೆ ಹೊಗೆ ಹೋಗುವ ಕೊಳವೆ. ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಅದರ ಸುತ್ತ ಒಂದು ಸುತ್ತು ಬಂದಳು.

"ಇದ್ಯಾಕೆ ತಂದ್ರಿ? ಹಂಡೆ ಏನಾಗಿತ್ತು?"

"ಹಂಡೇಲಿ ಕೊನೆಗ್ ಹೋದೋರ್ಗೆ ಬಿಸಿನೀರು ಸಿಗಾಕಿಲ್ಲ. ಇದ್ರಾಗೆ ಕೊನೇ ಚೊಂಬ್ನಾಗೂ ಹಬೆ ಆಡ್ತೈತೆ, ನೋಡ್ತಿರು."

"ನೋಡಾನ ಬುಡಿ," ಎಂದು ಅಜ್ಜಿ ಒಳಗೆ ಹೋದಳು. ಹಂಡೆಯನ್ನು ಹಸುವಿನ ಹಿಂಡಿ ನೆನೆಸಲೆಂದು ಕೊಟ್ಟಿಗೆಗೆ ಸಾಗಿಸಿದಳು. ಆದರೆ ಅದನ್ನು ದಿನಾ ತೊಳೆದು ಬೋರಲು ಹಾಕುತ್ತಿದ್ದಳು. ಎಂದಾದರೂ ಬೇಕಾಗುತ್ತದೆ ಎಂಬುದು ಅವಳ ಲೆಕ್ಕ. ಹೀಗೆ ತಾತನ ಮಾನವೆಲ್ಲ ಅಜ್ಜಿಯ ಕೊನೆಯ ಚೊಂಬಿನ ಮೇಲೆ ಬಂದು ನಿಂತಿತು.

ಬಾಯ್ಲರಿನ ಗುಟ್ಟು ಸರಳವಾದದ್ದು. ಮೇಲಿನಿಂದ ಎಷ್ಟು ತಣ್ಣೀರು ಹಾಕುತ್ತೀರೋ ಅಷ್ಟು ಬಿಸಿನೀರನ್ನು ಅದು ಕೊಡುತ್ತದೆ, ಕೆಳಗೆ ಉರಿ ಇರುವ ತನಕ. ಆ ಉರಿಯನ್ನು ಆರದಂತೆ ಇಡುವುದೇ ಕಷ್ಟ. ಪದೇಪದೇ ಎದ್ದು ಹೋಗಿ ಕರಟ ಹಾಕಲು ತಾತನಿಗೆ ಪೂಜೆ, ಹಸು, ತೋಟದ ಆಳುಗಳ ನಡುವೆ ಪುರುಸೊತ್ತಿರಲಿಲ್ಲ. ಅದಕ್ಕೆ ಎಣ್ಣೆಯ ಹಳೆ ಡಬ್ಬಗಳನ್ನು ಬಿಚ್ಚಿ, ತಗಡನ್ನು ದೋಣಿಯಂತೆ ಬಗ್ಗಿಸಿ, ಒಲೆಯ ಬಾಯಿಗೆ ಓರೆಯಾಗಿ ನಿಲ್ಲಿಸಿದ. ಅದರ ತುಂಬ ಕರಟ ಪೇರಿಸಿಟ್ಟರೆ, ಕೆಳಗಿನದು ಉರಿದು ಬೂದಿಯಾದಂತೆ ಮೇಲಿನದು ತಾನಾಗಿ ಜಾರಿ ಬೆಂಕಿಗೆ ಬೀಳಬೇಕು. ಬೀಳಲಿಲ್ಲ. ಕರಟದ ಹೋಳುಗಳು ಬಟ್ಟಲುಗಳ ಹಾಗೆ ಒಂದರೊಳಗೊಂದು ಕೂತು ಅಲ್ಲೇ ಕಚ್ಚಿಕೊಂಡವು. ತಾತ ಹಣೆ ಹಣೆ ಚಚ್ಚಿಕೊಂಡ. ಕೊನೆಗೆ ಎಲ್ಲವನ್ನೂ ರೂಪಾಯಿ ನಾಣ್ಯದಗಲ ಒಡೆದು ಹಾಕಿದರೆ ಸಲೀಸಾಗಿ ಜಾರುತ್ತದೆ ಎಂದು ಕಂಡುಕೊಂಡ. ಅಲ್ಲಿಂದಾಚೆ ಸಂಜೆ ಜಗುಲಿಯಲ್ಲಿ ಕೂತು ಕಲ್ಲಿನಿಂದ ಕರಟ ಒಡೆಯುವುದು ಮನೆಮಂದಿಗೆಲ್ಲ ಅಂಟಿಕೊಂಡ ಕೆಲಸವಾಯಿತು. ನೆಂಟರು ಬಂದರೆ ಅವರ ಕೈಗೂ ಒಂದು ಕಲ್ಲು ಕೊಡುತ್ತಿದ್ದೆವು. ಮಾತಾಡಲು ಬಾಯಿ ಸಾಕು, ಕೈ ಯಾಕೆ ಸುಮ್ಮನಿರಬೇಕು ಎನ್ನುತ್ತಿದ್ದ ತಾತ.

ಆ ಬಾಯ್ಲರ್ ಒಂದು ಕೂಸಿನಷ್ಟು ಚಾಕರಿ ಮಾಡಿಸಿಕೊಳ್ಳುತ್ತಿತ್ತು. ನಲ್ಲಿ ತೊಟ್ಟಿಕ್ಕಿದರೆ ತಾತ ಹಳೆ ಸೈಕಲ್ ಟ್ಯೂಬನ್ನು ಬಿಲ್ಲೆಯಾಗಿ ಕತ್ತರಿಸಿ ಒಳಗೆ ಕೂರಿಸುತ್ತಿದ್ದ. ನಮ್ಮ ಬಾವಿ ನೀರು ಗಡಸು. ಒಳಗೆ ಸುಣ್ಣದಂಥ ಹೊಪ್ಪಳೆ ಕಟ್ಟಿ ನೀರು ಕಾಯುವುದು ತಡವಾದರೆ, ಹುಣಸೆಹಣ್ಣು ಕಿವುಚಿದ ನೀರು ತುಂಬಿಸಿ ಬಿಟ್ಟು, ಮಾರನೇ ದಿನ ಗಲಬರಿಸಿ ಚೆಲ್ಲುತ್ತಿದ್ದ. ಬೂದಿ ತೆಗೆಯದಿದ್ದರೆ ಗಾಳಿಯಾಡದೆ ಉರಿ ಮಂಕಾಗುತ್ತಿತ್ತು. ಹಾಗಾಗಿ ಹಲ್ಲುಜ್ಜುವ ಮೊದಲು ಬೂದಿ ತೆಗೆಯಬೇಕು. ಅವನ ದೊಡ್ಡ ಶತ್ರು ನಮ್ಮ ಚಿಕ್ಕಪ್ಪ. ಬಕೆಟ್ಟುಗಟ್ಟಲೆ ಬಿಸಿನೀರು ಹಿಡಿದುಕೊಂಡು, ತಿರುಗಿ ಒಂದು ತಂಬಿಗೆ ತಣ್ಣೀರೂ ಹಾಕದೆ, ಹಾಡು ಹೇಳಿಕೊಂಡು ಹೊರಗೆ ಬರುತ್ತಿದ್ದ. ನೀರಿಲ್ಲದೆ ಉರಿದರೆ ಬೆಸುಗೆ ಬಿಡುತ್ತದಲ್ಲ, ಅದು ತಾತನ ಹೆದರಿಕೆ. "ಹಾಕ್ದೇನ್ಲಾ ನೀರು?" ಎಂದು ಅಂಗಳದಿಂದಲೇ ಕೂಗುತ್ತಿದ್ದ. ಚಿಕ್ಕಪ್ಪ ತಲೆ ಒರೆಸಿಕೊಳ್ಳುತ್ತ, "ಹಾಕ್ದೆ ಕಣಪ್ಪ," ಎಂದು ಸುಳ್ಳು ಹೇಳುತ್ತಿದ್ದ. ತಾತ ನಂಬದೆ, ಎದ್ದು ಹೋಗಿ ಬಾಯ್ಲರಿನ ಹೊಟ್ಟೆಗೆ ಬೆರಳಿನಿಂದ ಬಡಿದು ಸದ್ದು ಕೇಳಿ, ಬೈದುಕೊಂಡು ತಾನೇ ತುಂಬಿಸುತ್ತಿದ್ದ.

ಎಲ್ಲರದೂ ಮುಗಿದ ಮೇಲೆ ಅಜ್ಜಿ ಹೋಗುತ್ತಿದ್ದಳು. ಆ ಹೊತ್ತಿಗೆ ತಾತ ಎಲ್ಲಿದ್ದರೂ ಬಂದು ಒಲೆಯ ಮುಂದಿನ ಮಣೆಯ ಮೇಲೆ ಕೂರುತ್ತಿದ್ದ. ನಮ್ಮ ಬಚ್ಚಲುಮನೆಗೆ ಅಡ್ಡಗೋಡೆ ಇತ್ತು. ಉರಿ ಈ ಕಡೆ, ಸ್ನಾನ ಆ ಕಡೆ. ಅವಳು ಸೀರೆ ಸುತ್ತಿಕೊಂಡು ಹೊರಗೆ ಬಂದಾಗ ಬೆಂಕಿ ಕೆದಕುತ್ತ, ತಲೆ ಎತ್ತದೆ ಕೇಳುತ್ತಿದ್ದ.

"ಎಂಗಿತ್ತು ನೀರು?"

"ನೀರಂಗಿತ್ತು."

ಅಷ್ಟೇ. ಪ್ರತಿದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಅವಳ ಬೆನ್ನಿನಿಂದ ಹಬೆ ಏಳುತ್ತಿರುತ್ತಿತ್ತು, ಕಿವಿ ಕೆಂಪಗಾಗಿರುತ್ತಿತ್ತು, ಆದರೂ ಬಾಯಿಂದ ಮಾತ್ರ ಬಿಸಿ ಇತ್ತು ಎಂಬ ಒಂದು ಮಾತು ಬೀಳುತ್ತಿರಲಿಲ್ಲ. ತಾತ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗುತ್ತಿದ್ದ. ನಮಗೆಲ್ಲ ಅದೊಂದು ತಮಾಷೆ. ಹಟ ಎಂದರೆ ಅವಳದು! ಎಷ್ಟು ಬಿಸಿ ಮಾಡಿದರೆ ಇವಳು ಒಪ್ಪುತ್ತಾಳೆ ಎಂಬ ಚಿಂತೆ ತಾತನನ್ನು ಬಿಡಲಿಲ್ಲ. ಆ ಚಿಂತೆಯೇ ಅವನ ಕೈಯಲ್ಲಿ ದೊಡ್ಡ ತಪ್ಪೊಂದನ್ನು ಮಾಡಿಸಿತು.

ಎಂಬತ್ತರ ಮೊದಲ ವರ್ಷಗಳಲ್ಲಿ ಒಂದು ಸಲ ದಸರೆ ಕಳೆದ ಮೇಲೂ ಮಳೆ ಬಿಡಲಿಲ್ಲ. ಕರಟವೆಲ್ಲ ತೇವ ಹಿಡಿದು ಬರೀ ಹೊಗೆಯಾಡಿತು. ಅಟ್ಟದ ಮೇಲೆ ಒಣಗಲು ಬಿಟ್ಟ ಕಾಯಿಗಳಲ್ಲಿ ಕೆಲವು ಕೆಟ್ಟು, ಒಡೆದರೆ ಒಳಗೆ ಕೌಟು ಹಿಡಿದ ಕೊಬ್ಬರಿ ಸಿಕ್ಕಿತು. ಮಂಡಿಗೆ ಹಾಕುವಂತಿಲ್ಲ, ಬಾಯಿಗಿಡುವಂತಿಲ್ಲ. ತಾತ ಅದನ್ನು ತಗಡಿನ ದೋಣಿಗೆ ಸುರಿದ. ಎಣ್ಣೆ ಇರುವ ಕೊಬ್ಬರಿಗಿಂತ ಚೆನ್ನಾಗಿ ಉರಿಯುವುದು ಯಾವುದಿದೆ ಎಂಬುದು ತೆಂಗಿನ ಸೀಮೆಯವರಿಗೆ ಮಾತ್ರ ಹೊಳೆಯುವ ಯೋಚನೆ. ಉರಿಯೇನೋ ಬಂತು. ಕೊಳವೆ ಗುಡುಗುಟ್ಟಿತು, ನಲ್ಲಿಯಿಂದ ನೀರಿಗಿಂತ ಮೊದಲು ಹಬೆ ಬಂತು. ತಾತ ಗೆದ್ದವನಂತೆ ಮೀಸೆ ತಿರುವಿಕೊಂಡು ಕೂತ. ಅಜ್ಜಿ ಕೆಂಡದಷ್ಟು ಕೆಂಪಾಗಿ ಹೊರಗೆ ಬಂದು "ನೀರಂಗಿತ್ತು" ಎಂದಳು.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬಂತು. ಅಂದು ಬಾಯ್ಲರಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿಸಿ ಪೂಜೆ ಮಾಡಬೇಕು. ಮಾರನೇ ಬೆಳಗಿನ ಜಾವ ಎಲ್ಲರಿಗೂ ಎಣ್ಣೆ ಸ್ನಾನ. ಆ ವರ್ಷವೇ ಮದುವೆಯಾದ ನಮ್ಮ ಅತ್ತೆ, ತುರುವೇಕೆರೆ ಕಡೆಯ ಹೊಸ ಮಾವನ ಜೊತೆ ಮೊದಲ ಹಬ್ಬಕ್ಕೆ ಬಂದಿದ್ದಳು. ಮಧ್ಯಾಹ್ನ ಉರಿ ಹಾಕಿ ನೋಡಿದರೆ ಹೊಗೆ ಮೇಲೆ ಹೋಗದೆ ಒಲೆಯ ಬಾಯಿಂದಲೇ ಹೊರಗೆ ನುಗ್ಗಿತು. ಬಚ್ಚಲುಮನೆ, ನಡುಮನೆ ಎಲ್ಲ ಕಪ್ಪು ಹೊಗೆ. ಹೊಸ ಮಾವ ಹೊಸ ಪಂಚೆಯಲ್ಲಿ ಕೆಮ್ಮುತ್ತ ಅಂಗಳಕ್ಕೆ ಓಡಿದರು. ಕೊಬ್ಬರಿಯ ಜಿಡ್ಡು ಮಸಿ ಕೊಳವೆಯೊಳಗೆಲ್ಲ ಡಾಂಬರಿನ ಹಾಗೆ ಗಟ್ಟಿ ಕಟ್ಟಿತ್ತು.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೊಟ್ಟಿಗೆಗೆ ಹೋಗಿ ಹಂಡೆಯನ್ನು ಉರುಳಿಸಿಕೊಂಡು ಬಂದು, ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿದಳು. ಅವಳು ಬೈದಿದ್ದರೆ ತಾತ ತಡೆದುಕೊಳ್ಳುತ್ತಿದ್ದನೋ ಏನೋ. ಆ ಹಂಡೆಯನ್ನು ಕಂಡು ಅವನಿಗೆ ತಡೆಯಲಾಗಲಿಲ್ಲ. ಕಚ್ಚೆ ಬಿಗಿದು, ಬೆಂಕಿ ಆರಿಸಿ, ಹೆಂಚು ಸರಿಸಿ ಸೂರಿನ ಮೇಲೆ ಕೂತು, ಬಿದಿರ ಗಳುವಿನ ತುದಿಗೆ ತೆಂಗಿನ ಗುಂಜು ಕಟ್ಟಿಕೊಂಡು ಕೊಳವೆಯನ್ನು ಉಜ್ಜತೊಡಗಿದ. ಚಿಕ್ಕಪ್ಪ ಕೆಳಗಿನಿಂದ ಕೆರೆದ. ಮಸಿ ಹೆಪ್ಪು ಹೆಪ್ಪಾಗಿ ಉದುರಿತು. ಹೊತ್ತು ಮುಳುಗುವಾಗ ಕೆಳಗಿಳಿದು ಬಂದ ತಾತನ ಮೈಯಲ್ಲಿ ಬೆಳ್ಳಗಿದ್ದದ್ದು ಕಣ್ಣು, ಹಲ್ಲು ಎರಡೇ. ಕೊಳವೆ ತೆರೆದಿತ್ತು, ಆದರೆ ಉರಿಸಲು ಒಣಗಿದ ಕರಟವಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು, "ಹಂಡೇನೇ ಇಡ್ರಪ್ಪ," ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ಬಂತು.

ಅಜ್ಜಿ ಒಳಗೆ ಹೋದಳು. ಅಡಿಗೆಮನೆ ಒಲೆಯ ಮೇಲಿನ ಅಟ್ಟಣಿಗೆಯಿಂದ ಒಂದು ಗೋಣಿಚೀಲ ಎಳೆದು ತಂದು ತಾತನ ಮುಂದೆ ಇಟ್ಟಳು. ಒಳಗೆ ಗಲಗಲ ಎನ್ನುವಷ್ಟು ಒಣಗಿದ ಕರಟ, ಎಲ್ಲವೂ ನಾಣ್ಯದಗಲ ಒಡೆದದ್ದು. ಮಳೆ ಹಿಡಿದಾಗಿನಿಂದ ದಿನಾ ಒಂದಷ್ಟನ್ನು ಅವಳು ಒಲೆಯ ಬಿಸಿಗೆ ಒಣಗಲು ಎತ್ತಿಟ್ಟಿದ್ದಳು.

"ಹಬ್ಬದ್ ದಿನ ಹಂಡೆ ನೀರು ಯಾರ್ ಮೀಯ್ತಾರೆ? ಹಾಕ್ರೀ ಇದ್ನ," ಎಂದಳು. ತಾತ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಕರಟ ಮೇಲೆತ್ತಿ ನೋಡಿದ. ಆಮೇಲೆ ಹಾಗಲಬಳ್ಳಿ ತರಲು ಚಿಕ್ಕಪ್ಪನನ್ನು ಓಡಿಸಿದ.

ಬೆಳಗಿನ ಜಾವ ಹೊಸ ಮಾವನಿಂದ ಶುರುವಾದ ಎಣ್ಣೆ ಸ್ನಾನ ಸಾಗುತ್ತಲೇ ಇತ್ತು. ಕರಟ ಕಟಕಟನೆ ಜಾರಿ ಬೀಳುತ್ತಿತ್ತು, ಉರಿ ಸಣ್ಣಗೆ ಹಾಡುತ್ತಿತ್ತು. ಹಿಂದಿನ ಸಂಜೆ ಬಾವಿಕಟ್ಟೆಯಲ್ಲಿ ಎಷ್ಟು ತೊಳೆದರೂ ತಾತನ ಜಿಡ್ಡು ಮಸಿ ಹೋಗಿರಲಿಲ್ಲ. ಅಜ್ಜಿಯ ಸರದಿ ಬಂದಾಗ ಅವನು, "ನೀನ್ ಹೋಗೇ ಮೊದ್ಲು. ನನ್ ಮಸಿ ಬುಡಾಕೆ ಹೊತ್ತಾಯ್ತದೆ," ಎಂದ. ಅಜ್ಜಿ ಅತ್ತಿತ್ತ ನೋಡಿದಳು. ತನ್ನ ಹಿಂದೆ ಇನ್ನೊಬ್ಬರಿದ್ದಾರೆ ಎಂಬುದು ಅವಳಿಗೆ ಹೊಸತು. ಮಿಂದು ಬಂದವಳು ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು, ಒಬ್ಬಟ್ಟಿನ ಕೆಲಸ ಬಿಟ್ಟು, ತಾತನ ಮಣೆಯ ಮೇಲೆ ಕೂತಳು. ಚೀಲದ ತಳದಲ್ಲಿದ್ದ ಕರಟವನ್ನೆಲ್ಲ ದೋಣಿಗೆ ಸುರಿದು, ತಗಡನ್ನು ತಟ್ಟುತ್ತ, ಬೂದಿ ಕೆದಕುತ್ತ ಉರಿ ಕಾದಳು. ಅವಳ ಮುಖ ಬೆಂಕಿಯ ಬೆಳಕಿನಲ್ಲಿ ಎಷ್ಟು ಚೆಂದ ಕಾಣುತ್ತಿತ್ತು! ಬಹಳ ಹೊತ್ತಿನ ಮೇಲೆ ತಾತ ಬೆಳ್ಳಗಾಗಿ ಹೊರಗೆ ಬಂದ.

"ಎಂಗಿತ್ರೀ ನೀರು?" ಅಜ್ಜಿ ತಲೆ ಎತ್ತದೆ ಕೇಳಿದಳು.

"ನೀರಂಗಿತ್ತು ಕಣೇ."

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡಳು. ತಾತನೂ ನಕ್ಕ, ನಾವೆಲ್ಲರೂ ನಕ್ಕೆವು, ಯಾಕೆಂದು ತಿಳಿಯದ ಹೊಸ ಮಾವ ಕೂಡ ನಕ್ಕರು. ಅಲ್ಲಿಂದ ಮುಂದೆ ಪ್ರತಿ ದೀಪಾವಳಿಗೆ ತಾತನೇ ಕೊನೆಗೆ ಮೀಯುತ್ತಿದ್ದ. ಉಳಿದ ದಿನಗಳಲ್ಲಿ ಅಜ್ಜಿಯೇ ಕೊನೆ, ಅದೇ ಪ್ರಶ್ನೆ, ಅದೇ ಉತ್ತರ. ನನ್ನ ಬಾಲ್ಯವೆಲ್ಲ ಆ ಎರಡು ಮಾತುಗಳ ನಡುವೆ ಬೆಚ್ಚಗೆ ಕಳೆಯಿತು. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಬಯಸಿದ ನೆನಪಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ತಾತ ತೀರಿಕೊಂಡ. ತೋಟದಿಂದ ಬಂದು ಮಲಗಿದವನು ಏಳಲಿಲ್ಲ, ಅಷ್ಟು ಸುಲಭದ ಸಾವು. ಒಂದು ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಮರುವರ್ಷದ ದೀಪಾವಳಿಗೆ ಚಿಕ್ಕಪ್ಪ ತಾನೇ ಕೊಳವೆ ಉಜ್ಜಿ, ನಲ್ಲಿಗೆ ಹೊಸ ಬಿಲ್ಲೆ ಹಾಕಿ, ಬಾಯ್ಲರಿಗೆ ಹಾಗಲಬಳ್ಳಿ ಸುತ್ತಿದ. ಮುಂಜಾನೆ ಮಿಂದವನು ಹಾಡು ಹೇಳಲಿಲ್ಲ; ಕೊಡದ ತುಂಬ ತಣ್ಣೀರು ಸುರಿದು, ಯಾರೂ ಕೇಳದಿದ್ದರೂ "ಹಾಕ್ದೆ" ಎಂದು ಹೇಳಿ ತೋಟಕ್ಕೆ ಹೋದ. ಎಲ್ಲರದೂ ಮುಗಿದ ಮೇಲೆ ಅಜ್ಜಿ ಹೋದಳು. ಆ ವರ್ಷ ಅವಳ ಹಿಂದೆ ಯಾರೂ ಇರಲಿಲ್ಲ. ನಾನು ನಡುಮನೆಯಲ್ಲಿ ಕೂದಲು ಒಣಗಿಸಿಕೊಳ್ಳುತ್ತ ಕೂತಿದ್ದೆ. ಅವಳು ಒದ್ದೆ ತಲೆಯಲ್ಲಿ ಹೊರಗೆ ಬಂದು ಒಲೆಯ ಮುಂದೆ ನಿಂತಳು. ಮಣೆ ಖಾಲಿ ಇತ್ತು. ಯಾರೋ ಏನೋ ಕೇಳಿದರೇನೋ ಎಂಬಂತೆ ಅದರ ಕಡೆ ತಿರುಗಿದಳು.

"ಸುಡ್ತಿತ್ತು ಕಣ್ರೀ," ಎಂದಳು.

ಆಮೇಲೆ ಬಗ್ಗಿ, ದೋಣಿಯಲ್ಲಿ ಸಿಕ್ಕಿಕೊಂಡಿದ್ದ ಕರಟದ ಚೂರೊಂದನ್ನು ಬೆರಳಿನಿಂದ ಉರಿಗೆ ತಳ್ಳಿ, ಒಬ್ಬಟ್ಟಿನ ಬೇಳೆ ಬೆಂದಿದೆಯೇ ನೋಡಲು ಒಳಗೆ ಹೋದಳು.