ನಾಯಕನಟನಿಗೆ ಲಂಚ ಕಲಿಸಿದ ವೆಂಕಪ್ಪ

ಸಿನೆಮಾದವರು ತನ್ನನ್ನು ಹುಡುಕಿಕೊಂಡು ಬಂದಿದ್ದಾರೆಂದು ಗೊತ್ತಾದ ಕೂಡಲೇ ವೆಂಕಪ್ಪ ಒಳಗೆ ಹೋಗಿ ಲುಂಗಿ ಬಿಚ್ಚಿ ಪ್ಯಾಂಟು ಹಾಕಿಕೊಂಡ. ಮೀಸೆಗೆ ಒಂದು ಸಲ ಬಾಚಣಿಗೆ ಎಳೆದ. ಪೊಲೀಸ್ ಇಲಾಖೆಯಿಂದ ಎ.ಎಸ್.ಐ. ಆಗಿ ನಿವೃತ್ತನಾಗಿ ಐದು ವರ್ಷ ಕಳೆದಿತ್ತು. ಸುಳ್ಯ ಬಸ್‌ಸ್ಟ್ಯಾಂಡಿನ ಹಿಂದಿನ ಆ ತಾರಸಿ ಮನೆಗೆ ಈಚೆಗೆ ಬರುತ್ತಿದ್ದವರು ಗ್ಯಾಸಿನವರು ಮತ್ತು ಮತ ಕೇಳುವವರು ಮಾತ್ರ. ಏನಿದ್ದರೂ ಒಂದು ಡಿ.ವೈ.ಎಸ್.ಪಿ. ಪಾತ್ರವಾದರೂ ಕೊಟ್ಟಾರು ಎಂದುಕೊಂಡು ಅವನು ಗಂಭೀರವಾಗಿ ಹೊರಗೆ ಬಂದ.

ನಿರ್ದೇಶಕ ದಿಶಾಂತ್ ಪುತ್ತೂರಿನವನು, ಮೂವತ್ತು ದಾಟಿರಲಿಲ್ಲ.

“ಪೊಲೀಸ್ ಪಿಕ್ಚರ್ ವೆಂಕಪ್ಪಣ್ಣ. ಭ್ರಷ್ಟಾಚಾರದ ಕತೆ. ಹೀರೋ ಜಯಪ್ರಕಾಶ್ ಸರ್. ಅವರಿಗೆ ಎಲ್ಲ ಬರ್ತದೆ, ಒಂದು ಮಾತ್ರ ಬರುದಿಲ್ಲ.”

“ಎಂತ ಬರುದಿಲ್ಲ?”

“ಲಂಚ ತೆಗೊಳ್ಳಿಕ್ಕೆ.”

ವೆಂಕಪ್ಪನ ಮುಖದಿಂದ ಡಿ.ವೈ.ಎಸ್.ಪಿ. ಮೆಲ್ಲಗೆ ಇಳಿದುಹೋದ. “ಅದಕ್ಕೆ ನನ್ನ ಹತ್ರ ಬಂದದ್ದು ಯಾಕೆ?”

“ಹೋಟೆಲಲ್ಲಿ ಕೇಳಿದೆ. ಮೂರು ಜನ ಚಾ ಕುಡೀತಾ ಇದ್ರು. ಮೂರೂ ಜನ ಒಟ್ಟಿಗೆ ನಿಮ್ಮ ಹೆಸರು ಹೇಳಿದ್ರು.”

ವೆಂಕಪ್ಪ ಎದ್ದು ನಿಂತ. ಅವನು ಬಾಯಿ ತೆರೆಯುವ ಮೊದಲೇ ಅಡಿಗೆಮನೆಯಿಂದ ಹೆಂಡತಿ ದುಗ್ಗಮ್ಮನ ಧ್ವನಿ ಬಂತು. “ಹೋಗಿ ಮಾರಾಯ್ರೆ. ಮೂವತ್ತನಾಲ್ಕು ವರ್ಷ ಕಲಿತ ವಿದ್ಯೆ. ಒಬ್ಬ ಶಿಷ್ಯನಾದ್ರೂ ಆಗ್ಲಿ.”

ದುಗ್ಗಮ್ಮ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಈ ಮೂರು ತಾಲೂಕುಗಳಲ್ಲಿ ಅವನಿಗಿದ್ದ ಹೆಸರು ‘ನೋಡುವ ವೆಂಕಪ್ಪ’. ಅವನು ಬಾಯಿಬಿಟ್ಟು ಯಾರಲ್ಲೂ ಏನನ್ನೂ ಕೇಳಿದವನಲ್ಲ. ದೂರು ಕೊಡಲು ಬಂದವನನ್ನು ಕೂರಿಸಿ, ಮನೆಯವರ ಆರೋಗ್ಯ ವಿಚಾರಿಸಿ, ಕೊನೆಗೆ “ನೋಡುವ” ಎನ್ನುತ್ತಿದ್ದ. ಆ ಒಂದು ಮಾತಿನ ಅರ್ಥ ಬಂದವನಿಗೆ ಗೇಟು ದಾಟುವುದರೊಳಗೆ ಹೊಳೆಯುತ್ತಿತ್ತು. ಮರುದಿನ ಕ್ವಾರ್ಟರ್ಸಿನ ಹಿಂಬಾಗಿಲಿಗೆ ಒಂದು ಊರಕೋಳಿಯೋ, ಒಂದು ಸಂಚಿ ಕರಿಮೆಣಸೋ, ಜೇನಿನ ಬಾಟಲಿಯೋ ಬಂದು ತಲುಪುತ್ತಿತ್ತು. ಲೋಕಾಯುಕ್ತದವರು ಪುಡಿ ಹಚ್ಚಿದ ನೋಟು ಕೊಟ್ಟು ಹಿಡಿಯುತ್ತಾರೆ. ಕೋಳಿಗೆ ಪುಡಿ ಹಚ್ಚುವವರು ಯಾರು? ವೆಂಕಪ್ಪ ಒಂದು ದಿನವೂ ಅಮಾನತಾಗದೆ ಹಾರ ಹಾಕಿಸಿಕೊಂಡು ಮನೆಗೆ ಬಂದ.

ಚಿತ್ರೀಕರಣ ನಡೆಯುತ್ತಿದ್ದದ್ದು ಕಡಬದ ಹತ್ತಿರದ ಪೆರಾಬೆಯಲ್ಲಿ, ಮುಚ್ಚಿಹೋದ ಒಂದು ಅಕ್ಕಿ ಮಿಲ್ಲಿನೊಳಗೆ ಹಾಕಿದ ಪೊಲೀಸ್ ಠಾಣೆಯ ಸೆಟ್ಟಿನಲ್ಲಿ. ಅದನ್ನು ನೋಡಿ ವೆಂಕಪ್ಪನಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಮೇಲೆ ಹೂದಾನಿ ಇತ್ತು. “ಇದು ಠಾಣೆಯಾ, ಹಲ್ಲಿನ ಡಾಕ್ಟ್ರ ಕ್ಲಿನಿಕ್ಕಾ?” ಎಂದ. ಹೂದಾನಿ ತೆಗೆಸಿದ. ಜಪ್ತಿ ಮಾಡಿದಂತೆ ಕಾಣುವ ಎರಡು ಹಳೆ ಬೈಕು ತರಿಸಿ, ಅವಕ್ಕೆ ಬಳ್ಳಿ ಹಬ್ಬಿಸಿ ಬಾಗಿಲ ಪಕ್ಕದಲ್ಲಿ ನಿಲ್ಲಿಸಿದ. ಕಡತಗಳಿಗೆ ಧೂಳು ಮೆತ್ತಿಸಿದ. ಮಧ್ಯಾಹ್ನದ ಹೊತ್ತಿಗೆ ಸೆಟ್ಟಿನ ಹುಡುಗರು ಅವನನ್ನು ನೋಡಿ ಸೆಲ್ಯೂಟ್ ಹೊಡೆಯತೊಡಗಿದ್ದರು.

ಆಮೇಲೆ ಜಯಪ್ರಕಾಶ್ ಬಂದ. ಮೈಸೂರು ಕಡೆಯವನು, ಅರವತ್ತೇಳರ ನಾಯಕನಟ. ತಲೆಯ ಮೇಲಿನ ಕೂದಲು ಮುಂಬೈಯಿಂದ ತರಿಸಿದ್ದು, ಮೀಸೆ ಸ್ವಂತದ್ದು, ಅದರ ಕಪ್ಪು ಬಾಟಲಿಯದ್ದು. ನಲವತ್ತು ವರ್ಷ ತೆರೆಯ ಮೇಲೆ ಒಂದೇ ಏಟಿಗೆ ಮೂವತ್ತು ಜನರನ್ನು ಹಾರಿಸಿದ್ದವನು, ಈಗ ಕಾರಿನಿಂದ ಇಳಿಯಲು ಇಬ್ಬರ ಹೆಗಲು ಹಿಡಿಯುತ್ತಿದ್ದ. ಹಿಂದಿನ ನಾಲ್ಕು ಚಿತ್ರಗಳು ಮಕಾಡೆ ಮಲಗಿದ್ದವು. ಇದೂ ಮಲಗಿದರೆ ಇನ್ನು ಕಿರುತೆರೆಯಲ್ಲಿ ಅಜ್ಜನ ಪಾತ್ರವೇ ಗತಿ ಎಂದು ಅವನಿಗೂ ಗೊತ್ತಿತ್ತು.

ಅವನು ಲಂಚ ತೆಗೆದುಕೊಂಡದ್ದನ್ನು ವೆಂಕಪ್ಪ ಮೂಲೆಯಲ್ಲಿ ನಿಂತು ನೋಡಿದ. ಎದುರಿನವನು ಲಕೋಟೆ ಚಾಚಿದ. ಜಯಪ್ರಕಾಶ್ ಕಣ್ಣು ಕೆಂಪು ಮಾಡಿ, ಎದೆ ಉಬ್ಬಿಸಿ, ಎರಡೂ ಕೈಯಲ್ಲಿ ಅದನ್ನು ಸ್ವೀಕರಿಸಿದ. ಶಾಲು, ಫಲತಾಂಬೂಲ ಎರಡೇ ಬಾಕಿ. ಹದಿನೇಳನೆಯ ಟೇಕಿಗೆ ದಿಶಾಂತ್ ತಲೆಗೆ ಕೈಹೊತ್ತು ಕುಳಿತ.

“ನಾನು ಹೇಳ್ಬಹುದಾ ಸರ್?” ವೆಂಕಪ್ಪ ಮುಂದೆ ಬಂದ. “ನೀವು ಲಕೋಟೆಯನ್ನು ನೋಡ್ತೀರಿ ಸರ್. ನೋಡ್ಲಿಕ್ಕೆ ಇಲ್ಲ. ಅದು ಅಲ್ಲಿ ಇಲ್ಲವೇ ಇಲ್ಲ.”

“ನೋಡದೆ ಹೆಂಗ್ರೀ ಈಸ್ಕೊಳೋದು?”

“ಈಸಿಕೊಳ್ಳುದೇ ಇಲ್ಲ ಸರ್. ಮೊಣಕಾಲಲ್ಲಿ ಡ್ರಾಯರ್ ತೆಗೀಬೇಕು. ಅವನೇ ಹಾಕ್ತಾನೆ. ನೀವು ಆಗ ಅವನ ಮಗಳು ಎಷ್ಟನೇ ಕ್ಲಾಸು ಅಂತ ಕೇಳಿ. ಪ್ರೀತಿಯಿಂದ ಕೇಳ್ಬೇಕು. ಮಗಳ ಮಾತು ಅವನ ಬಾಯಲ್ಲಿ ಬರುವಾಗ ಡ್ರಾಯರ್ ಮುಚ್ಚಬೇಕು.”

ಜಯಪ್ರಕಾಶನ ಮೊಣಕಾಲಿಗೆ ಆಪರೇಶನ್ ಆಗಿತ್ತು. ಮೊದಲ ಸಲ ಡ್ರಾಯರ್ ತೆರೆಯಲಿಲ್ಲ. ಎರಡನೆಯ ಸಲ ತೆರೆಯಿತು, ಜೊತೆಗೆ ನಾಯಕನಟ “ಅಯ್ಯಮ್ಮಾ” ಎಂದು ಕೂಗಿದ. ಯಾರೋ ಕಿಸಕ್ಕೆಂದರು. ಅವನು ಎಲ್ಲರನ್ನೂ ಹೊರಗೆ ಕಳಿಸಿ, ಕೂದಲನ್ನು ಕಿತ್ತು ಮೇಜಿನ ಮೇಲಿಟ್ಟು, ವೆಂಕಪ್ಪನನ್ನು ಬೆಂಚಿನಲ್ಲಿ ಕೂರಿಸಿಕೊಂಡ.

“ನಲವತ್ತು ವರ್ಷ ನಿಂತೇ ಇದೀನಿ ವೆಂಕಪ್ಪನೋರೇ. ಕುರ್ಚೀಲಿ ಕೂತ್ಕೊಂಡು ಕೆಟ್ಟವನಾಗೋದು ಹೆಂಗೆ ಅಂತ ಯಾರೂ ಹೇಳ್ಕೊಡ್ಲಿಲ್ಲ. ನೀವು ತಗೊಂಡಿದ್ರಲ್ಲಿ ಮರೀದೇ ಇರೋದು ಒಂದು ಹೇಳಿ.”

ಬೋಳುತಲೆಯ ಆ ಮುದುಕ ಕೇಳಿದ ರೀತಿಯಲ್ಲಿ ಏನೋ ಇತ್ತು. ಅಲ್ಲದೆ, ಕಲೆಯ ಬಗ್ಗೆ ವೆಂಕಪ್ಪನನ್ನು ಇಷ್ಟು ಮರ್ಯಾದೆಯಿಂದ ಕೇಳಿದವರು ಇದುವರೆಗೆ ಇರಲಿಲ್ಲ. ಅವನು ಯಾರಿಗೂ ಹೇಳದ್ದನ್ನು ಹೇಳಿಬಿಟ್ಟ.

೧೯೯೯ರ ಮಾತು. ಈ ಕಡೆಯ ಒಂದು ಠಾಣೆಯಲ್ಲಿ (ಯಾವ ಠಾಣೆ ಎಂಬುದು ಬೇಡ) ಅವನು ರೈಟರ್ ಆಗಿದ್ದ. ದೂರು, ಮಹಜರು ಎಲ್ಲ ಬರೆಯುವುದು ಅವನೇ. ಕೊಯಿಲದ ರಸ್ತೆಯಲ್ಲಿ ಐತಪ್ಪ ಎಂಬ ಕೂಲಿಯಾಳು ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಒಂದು ಜೀಪು ಬಂದು ಗುದ್ದಿತು. ಜೀಪು ಬಿಡುತ್ತಿದ್ದವನು ದೊಡ್ಡ ಮನೆಯ ಅಳಿಯ, ಬಾಯಿ ಹೆಂಡದಿಂದ ಗಮ್ಮೆನ್ನುತ್ತಿತ್ತು. ಐತಪ್ಪ ಅಲ್ಲೇ ಸತ್ತ. ಸೈಕಲ್ಲು ಎಡಬದಿಯಲ್ಲೇ ಬಿದ್ದಿತ್ತು. ವೆಂಕಪ್ಪ ಬರೆದದ್ದು ಮಾತ್ರ, ಸೈಕಲ್ ಸವಾರನು ಮದ್ಯಪಾನ ಮಾಡಿ ರಸ್ತೆಯ ಬಲಬದಿಗೆ ಬಂದನೆಂದು. ಮುಂದಿನ ವಾರ ಕ್ವಾರ್ಟರ್ಸಿಗೆ ಒಂದು ಫ್ರಿಜ್ಜು ಬಂತು. ತಿಳಿಹಸುರು ಬಣ್ಣದ್ದು. ಪುತ್ತೂರಿನಲ್ಲಿ ಕಂತಿನ ಮೇಲೆ ತೆಗೆದದ್ದೆಂದು ದುಗ್ಗಮ್ಮನಿಗೆ ಹೇಳಿದ. ಆ ಸಾಲಿನ ಮನೆಗಳಲ್ಲೇ ಅದು ಮೊದಲ ಫ್ರಿಜ್ಜು. ಅವಳು ಒಂದು ತಿಂಗಳು ನೆರೆಯವರಿಗೆಲ್ಲ ಐಸು ಹಂಚಿದಳು.

“ಅವನ ಹೆಂಡತಿ ಚೆನ್ನು ಮೂರು ಸಲ ಠಾಣೆಗೆ ಬಂದ್ಲು ಸರ್,” ಎಂದ ವೆಂಕಪ್ಪ. “ಮೂರು ಸಲವೂ ಮಗಳು ಎಷ್ಟನೇ ಕ್ಲಾಸು ಅಂತ ಕೇಳಿದೆ. ಮೂರನೇ ಕ್ಲಾಸು ಅಂದ್ಲು. ನೋಡುವ ಅಂತ ಹೇಳಿ ಕಳಿಸಿದೆ.”

ಜಯಪ್ರಕಾಶ್ ಎದ್ದ. ಕೂದಲು ಹಾಕಿಕೊಂಡು ಹೊರಗೆ ಹೋದ.

ಮರುದಿನ ಒಂದೇ ಟೇಕಿಗೆ ಮುಗಿಯಿತು. ಮುದುಕ ಕುರ್ಚಿಯಲ್ಲಿ ಕುಳಿತು, ಎಡಕಿವಿಯ ಹಿಂದೆ ಕೆರೆದುಕೊಳ್ಳುತ್ತಾ, ತೀರಾ ಮೆತ್ತಗೆ “ಮಗಳು ಎಷ್ಟನೇ ಕ್ಲಾಸು?” ಎಂದು ಕೇಳಿದ. ಕಿವಿಯ ಹಿಂದೆ ಕೆರೆದುಕೊಳ್ಳುವುದು ತನ್ನ ಚಾಳಿ ಎಂದು ವೆಂಕಪ್ಪನಿಗೆ ಆಗಲೇ ಗೊತ್ತಾದದ್ದು. ಯಾರೋ ಬೆನ್ನ ಹಿಂದಿನಿಂದ ತನ್ನ ಫೋಟೋ ತೆಗೆದು ಊರಿಗೆಲ್ಲ ಹಂಚಿದ ಹಾಗಾಯಿತು. ಅವನು ಊಟಕ್ಕೂ ನಿಲ್ಲದೆ ಮನೆಗೆ ಹೋಗಲು ಕಡಬದ ಬಸ್ಸು ಹಿಡಿದ.

ಚಿತ್ರ ಪುತ್ತೂರಿಗೆ ಬಂದಾಗ ದುಗ್ಗಮ್ಮ ಹಠ ಹಿಡಿದು ಅವನನ್ನು ಮ್ಯಾಟಿನಿಗೆ ಎಳೆದುಕೊಂಡು ಹೋದಳು. ಗಂಡನ ಹೆಸರು ತೆರೆಯ ಮೇಲೆ ಬರುತ್ತದೆಂದು ಎರಡು ಸಾಲು ತುಂಬ ನೆಂಟರನ್ನೂ ಕೂರಿಸಿದ್ದಳು. ಜಯಪ್ರಕಾಶ್ ಕಾಣಿಸಿಕೊಂಡಾಗ ಶಿಳ್ಳೆ ಬಿತ್ತು. ಅವನು ಯಾರಿಗೂ ಹೊಡೆಯದೆ ಕುಳಿತೇ ಇದ್ದದ್ದನ್ನು ಕಂಡು ಶಿಳ್ಳೆ ನಿಂತಿತು. ಅರ್ಧದ ಹೊತ್ತಿಗೆ ಥಿಯೇಟರಿನಲ್ಲಿ ಕಡಲೆ ತಿನ್ನುವ ಸದ್ದೂ ಇರಲಿಲ್ಲ. ಆಗ ತೆರೆಯ ಮೇಲೆ ಒಬ್ಬ ಹೆಂಗಸು ಠಾಣೆಯ ಬಾಗಿಲಲ್ಲಿ ಬಂದು ನಿಂತಳು. ಸತ್ತದ್ದು ಅವಳ ಗಂಡ, ಸೈಕಲ್ಲಿನಲ್ಲಿ. ಮುಂದಿನ ದೃಶ್ಯದಲ್ಲಿ ಪೊಲೀಸಿನವನ ಮನೆಗೆ ಆಳುಗಳು ಫ್ರಿಜ್ಜು ಹೊತ್ತು ತಂದರು. ಬಣ್ಣ ತಿಳಿಹಸುರು.

“ಆ ಫ್ರಿಜ್ಜಾ?” ಎಂದಳು ದುಗ್ಗಮ್ಮ. ಮೆಲ್ಲಗೆ ಹೇಳಬೇಕೆಂದಿದ್ದಳೋ ಏನೋ, ಬಾಲ್ಕನಿಯವರೆಗೆ ಕೇಳಿಸಿತು.

ಆ ರಾತ್ರಿ ಐತಪ್ಪನ ವಿಷಯವನ್ನೆಲ್ಲ ಗಂಡನ ಬಾಯಿಂದ ಹೊರಡಿಸಿದವಳು, ಆಮೇಲೆ ಹತ್ತು ದಿನ ಅವನೊಡನೆ ಮಾತಾಡಲಿಲ್ಲ. ಊಟ ಬಡಿಸುತ್ತಿದ್ದಳು, ಅಷ್ಟೆ. ಊರಿನವರು ಬಿಡಲಿಲ್ಲ, ಹೋಟೆಲಿನ ಮೂವರೂ ಅವನನ್ನು ಕಂಡಾಗಲೆಲ್ಲ ಕಿವಿಯ ಹಿಂದೆ ಕೆರೆದುಕೊಂಡರು. ಮಧ್ಯೆ ಜಯಪ್ರಕಾಶ್ ಫೋನ್ ಮಾಡಿದ. ಪತ್ರಿಕೆಗಳೆಲ್ಲ ಹೊಗಳುತ್ತಿದ್ದವು, ಮುದುಕನ ದನಿಯಲ್ಲಿ ಹತ್ತು ವರ್ಷ ಇಳಿದಿತ್ತು.

“ವೆಂಕಪ್ಪನೋರೇ, ಮುಂದಿನ ಪಿಕ್ಚರಲ್ಲಿ ಮಂತ್ರಿ ಪಾತ್ರ. ಬರ್ತೀರಾ?”

“ಅದು ನನ್ನ ಲೆವೆಲ್ ಅಲ್ಲ ಸರ್,” ಎಂದು ವೆಂಕಪ್ಪ ಇಟ್ಟುಬಿಟ್ಟ. ಬಯ್ಯಬೇಕೆಂದು ಎಷ್ಟೋ ಮಾತು ಕೂಡಿಟ್ಟಿದ್ದ. ಆದರೆ ಮುದುಕ ಕದ್ದದ್ದಾದರೂ ಏನು? ವೆಂಕಪ್ಪ ಮಾಡಿದ್ದನ್ನೇ ವೆಂಕಪ್ಪನಿಗೆ ತೋರಿಸಿದ್ದ.

ಹನ್ನೊಂದನೆಯ ದಿನ ಬೆಳಿಗ್ಗೆ ದುಗ್ಗಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು. “ಏಳಿ. ಕೊಯಿಲಕ್ಕೆ ಹೋಗುದು.”

“ಹೋಗಿ ಎಂತ ಹೇಳುದು ಮಾರಾಯ್ತಿ? ಇಷ್ಟು ವರ್ಷ ಆದ ಮೇಲೆ? ಪೆನ್ಶನಿಗೆ ಕುತ್ತು ಬಂದ್ರೆ?”

“ಬಂದ್ರೆ ನಾನು ಬೀಡಿ ಕಟ್ಟಿ ಸಾಕ್ತೇನೆ. ಅವಳ ಗಂಡನನ್ನು ಕುಡುಕ ಮಾಡಿ ನಾನು ಊರಿಗೆಲ್ಲ ಐಸು ಹಂಚಿದ್ದಲ್ವ? ಏಳಿ ಈಗ.”

ಚೆನ್ನುವಿನ ಮನೆ ಜಾನುವಾರು ಫಾರ್ಮಿನ ಆಚೆ, ಶೀಟಿನ ಮಾಡು. ಅವಳು ಅಂಗಳದಲ್ಲಿ ಕುಳಿತು ಕೋಳಿಗೆ ನುಚ್ಚು ಹಾಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಗುರುತಿಸಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ವೆಂಕಪ್ಪ ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಅರ್ಧ ಹೇಳುವಷ್ಟರಲ್ಲಿ ಅವಳು ಕೈ ಎತ್ತಿದಳು.

“ಅದು ನೀವು ಬರೆದದ್ದು ಅಂತ ನಂಗೆ ಆಗಲೇ ಗೊತ್ತುಂಟು. ವಕೀಲರು ಓದಿ ಹೇಳಿದ್ರು. ನಷ್ಟ ಪರಿಹಾರ ಹೋಯ್ತು, ಅದು ಹೋಗ್ಲಿ. ಇವ್ರು ಹುಟ್ಟಿದ ಮೇಲೆ ಒಂದು ತೊಟ್ಟು ಕುಡಿದವರಲ್ಲ ಪೊಲೀಸರೆ. ಶಾಲೆಯಲ್ಲಿ ನನ್ನ ಮಗಳನ್ನು ಕುಡುಕನ ಮಗಳು ಅಂತ ಕರೀತಿದ್ರು.”

ಮಗಳು ಸುಪ್ರಿತಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಪುತ್ತೂರಿನಲ್ಲಿ ನರ್ಸು, ಅಂದು ರಜೆಯಲ್ಲಿದ್ದಳು. ವೆಂಕಪ್ಪ ಅವಳ ಮುಖ ನೋಡಿದ. ಎಷ್ಟನೇ ಕ್ಲಾಸು ಎಂದು ಮೂರು ಸಲ ಕೇಳಿದ್ದವನಿಗೆ ಅವಳ ಹೆಸರು ಗೊತ್ತಿರಲಿಲ್ಲ.

“ತಪ್ಪಾಯ್ತು ಅಂತ ಹೇಳಿ ಹೋಗ್ಲಿಕ್ಕೆ ಬಂದದ್ದಾ?” ಎಂದಳು ಸುಪ್ರಿತಾ. ಒಳಗೆ ಹೋಗಿ ಬಿಳಿ ಕಾಗದ, ಪೆನ್ನು ತಂದು ಅವನ ಮುಂದಿಟ್ಟಳು. “ಬರೀರಿ. ಆವತ್ತು ನೋಡಿದ್ದು ಎಂತದೋ ಅದನ್ನು ಬರೀರಿ.”

ವೆಂಕಪ್ಪ ಅಂಗಳದ ಬೆಂಚಿನಲ್ಲಿ ಕುಳಿತು ಬರೆದ. ಸ್ಥಳ, ದಿನ, ಸಮಯ. ಸೈಕಲ್ಲು ರಸ್ತೆಯ ಎಡಬದಿಯಲ್ಲಿ, ಅಂಚಿನಿಂದ ಎರಡು ಅಡಿ ಒಳಗೆ. ಚೀಲದಲ್ಲಿ ಅಕ್ಕಿ, ಒಣಮೀನು. ಮೃತನ ಬಾಯಲ್ಲಿ ಮದ್ಯದ ವಾಸನೆ ಇರಲಿಲ್ಲ. ಒಂದನ್ನೂ ಮರೆತಿರಲಿಲ್ಲವೆಂದು ಬರೆಯುವಾಗ ಅವನಿಗೇ ಆಶ್ಚರ್ಯವಾಯಿತು. ತಾನು ಏನು ಬದಲಿಸಿದೆ, ಏನು ಪಡೆದೆ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ದುಗ್ಗಮ್ಮ ಪಕ್ಕದಿಂದ “ಫ್ರಿಜ್ಜು” ಎಂದಳು. ಅವನು ಬರೆದು ಸಹಿ ಹಾಕಿದ.

ಸುಪ್ರಿತಾ ಓದಿ, ‘ಐತಪ್ಪ’ ಎಂದಷ್ಟೇ ಇದ್ದದ್ದನ್ನು ತೋರಿಸಿ, “ದಿವಂಗತ ಅಂತ ಸೇರಿಸಿ,” ಎಂದಳು. ಸೇರಿಸಿದ.

ಚೆನ್ನುವಿಗೆ ಕಾಗದ ಸಾಕಾಗಲಿಲ್ಲ. “ಓದ್ಲಿಕ್ಕೆ ಬರದವರು ಇಲ್ಲಿ ತುಂಬ ಜನ ಇದ್ದಾರೆ. ನೀವೇ ಬಂದು ಹೇಳಿ,” ಎಂದು ಎದ್ದು ಮುಂದೆ ನಡೆದಳು. ಹಾಲಿನ ಸೊಸೈಟಿಯ ಎದುರು ಕ್ಯಾನು ಹಿಡಿದು ಮೂವತ್ತು ಜನ ಸಾಲು ನಿಂತಿದ್ದರು. ಚೆನ್ನು ಅವನನ್ನು ಮೆಟ್ಟಿಲ ಮೇಲೆ ಹತ್ತಿಸಿದಳು. ವೆಂಕಪ್ಪ ಕಾಗದ ಬಿಡಿಸಿ ಹಿಡಿದ. ಅವನು ಓದತೊಡಗಿದ. ಮೊದಲು ಕೆಲವರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಹಾಲು ಅಳೆಯುವವನು ಹೊರಗೆ ಬಂದು ನಿಂತ.

ಓದಿ ಮುಗಿಸಿ ಅವನು ಕಾಗದ ಮಡಚಿದ. ಚೆನ್ನು ಸಾಲಿನ ಕೊನೆಯತ್ತ ಒಮ್ಮೆ ನೋಡಿದಳು.

“ಹಿಂದೆ ಇದ್ದವರಿಗೆ ಕೇಳ್ಲಿಲ್ಲ ಪೊಲೀಸರೆ,” ಎಂದಳು. “ಇನ್ನೊಂದು ಸಲ ಓದಿ. ಜೋರಾಗಿ.”

ವೆಂಕಪ್ಪ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಓದಿದ.