ಅಕ್ಕನ ಹೊಸ ಕಣ್ಣಿಗೆ ಕಂಡ ನಾಲ್ಕು ಊರಿನ ಮರಗಳು

ಗುರುವಾರ ಬೆಳಿಗ್ಗೆ ಏಳೂವರೆಗೆ ತುಮಕೂರಿನಿಂದ ಹೊರಟ ಕೊರಟಗೆರೆ ಬಸ್ಸಿನಲ್ಲಿ ನನಗೂ ಅಕ್ಕನಿಗೂ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎಂಬತ್ತರ ದಶಕದ ಆರಂಭದ ಮಾತು. ದೀಪಾವಳಿ ಕಳೆದು ಹತ್ತು ದಿನವಾಗಿತ್ತು. ಹಿಂಗಾರು ಮಳೆ ಬಂದು ಹೋಗಿ ಆಕಾಶ ತೊಳೆದಿಟ್ಟಂತಿತ್ತು. ನನ್ನ ಹೆಗಲಿಗೆ ಅಂಚೆ ಕಚೇರಿಯ ಗೆಳೆಯನಿಂದ ಕೇಳಿ ತಂದ ಕ್ಯಾಮೆರಾ, ಅದರೊಳಗೆ ಮೂವತ್ತಾರು ಚಿತ್ರಗಳ ಕಲರ್ ರೋಲು. ಅದುವರೆಗೆ ನಾನು ತೆಗೆದದ್ದೆಲ್ಲ ಕಪ್ಪು ಬಿಳುಪು. ಕೊರಟಗೆರೆ, ಮಧುಗಿರಿ, ಪಾವಗಡ, ಸಿರಾ ಈ ನಾಲ್ಕು ಊರಿನ ಬೀದಿಗಳಲ್ಲಿ ನಡೆದು, ಶರತ್ಕಾಲದ ಮರಗಳನ್ನೂ ಆಕಾಶವನ್ನೂ ಬಣ್ಣದಲ್ಲಿ ಹಿಡಿಯಬೇಕೆಂದು ರಜೆ ಹಾಕಿದ್ದೆ.

ತಾನೂ ಬರುತ್ತೇನೆಂದು ಅಕ್ಕ ಹೇಳಿದ್ದು ಹಿಂದಿನ ದಿನ. ರಂಗಮ್ಮ ಅವಳ ಹೆಸರು, ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ಕೊರಟಗೆರೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದು ಕೆಲಸ ನಿಲ್ಲಿಸಿ ಎರಡು ವರ್ಷವಾಗಿತ್ತು. ಆ ಮಳೆಗಾಲದ ಕೊನೆಗೆ ತುಮಕೂರಿನಲ್ಲಿ ಬಲಗಣ್ಣಿನ ಪೊರೆ ತೆಗೆಸಿದ್ದೆವು. ದಪ್ಪ ಗಾಜಿನ ಕನ್ನಡಕ ಬಂದು ನಾಲ್ಕು ದಿನವಾಗಿತ್ತಷ್ಟೆ. ಎಡಗಣ್ಣಿಗೆ ಮುಂದಿನ ಸೋಮವಾರ ಬನ್ನಿ, ಎರಡೂ ಆಗುವವರೆಗೆ ಒಂದಕ್ಕೊಂದು ಹೊಂದುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮೊದಲ ಸಲ ತಲೆಯ ಎರಡು ಪಕ್ಕ ಮರಳಿನ ಚೀಲ ಇಟ್ಟು, ಅಲುಗಾಡಬೇಡ ಎಂದು ದಿನಗಟ್ಟಲೆ ಮಲಗಿಸಿದ್ದು ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಒಂದು ಕಣ್ಣು ಸಾಕು ಎಂದು ಒಬ್ಬಳೇ ಹೇಳಿಕೊಳ್ಳುವುದನ್ನು ನಾನು ಕೇಳಿಸಿಕೊಂಡಿದ್ದೆ.

ಕೊರಟಗೆರೆಗೆ ಒಂದು ಗಂಟೆಯ ದಾರಿ. ಅಷ್ಟೂ ಹೊತ್ತು ಅವಳು ಸೆರಗಿನ ತುದಿಯಿಂದ ಎಡಗಣ್ಣು ಮುಚ್ಚಿಕೊಂಡು ಹೊರಗೆ ನೋಡಿದಳು. ಆಮೇಲೆ ಸೆರಗನ್ನು ಬಲಗಣ್ಣಿಗೆ ಹಿಡಿದಳು. ಮತ್ತೆ ಎಡಗಣ್ಣಿಗೆ.

“ಲೇ ಸೀನ, ಆಕಾಶ ಇಷ್ಟು ನೀಲಿ ಯಾವಾಗ್ಲೂ ಇತ್ತೇನ್ಲಾ?” ಎಂದಳು.

“ಇತ್ತು ಅಕ್ಕ.”

“ಈ ಹಳೇ ಕಣ್ಣಿಗೆ ಅರಿಶಿನದ ನೀರು ಚೆಲ್ಲಿದಂಗೆ ಕಾಣ್ತದೆ. ನಿನ್ನ ಫೋಟೋದಲ್ಲಿ ಯಾವ ಕಣ್ಣಿನ ಬಣ್ಣ ಬತ್ತದೆ?”

ರೋಲನ್ನು ಬೆಂಗಳೂರಿಗೆ ಕಳಿಸಿ ತೊಳೆಸಿದ ಮೇಲೆ ಗೊತ್ತಾಗುತ್ತದೆ ಎಂದೆ.

ಕೊರಟಗೆರೆಯಲ್ಲಿ ಇಡ್ಲಿ ತಿಂದು ಪೇಟೆ ಬೀದಿಯಲ್ಲಿ ನಡೆದೆವು. ಒಂದು ಹಳೆಯ ಕಚೇರಿಯ ಗೋಡೆ ಪಕ್ಕದಲ್ಲಿ ಹೂವರಸಿ ಮರವಿತ್ತು. ಅದರ ಹೂವು ಅರಳಿದ ದಿನ ಹಳದಿ, ಬಾಡುವಾಗ ಕೆಂಪು. ಎರಡೂ ಒಂದೇ ಕೊಂಬೆಯಲ್ಲಿದ್ದವು. ನಾನು ಮೊದಲ ಚಿತ್ರ ತೆಗೆಯುವಷ್ಟರಲ್ಲಿ ಹಿಂದಿನಿಂದ ಯಾರೋ “ರಂಗಕ್ಕ” ಎಂದು ಕೂಗಿದರು. ಅಕ್ಕನ ಹಳೆಯ ಗಿರಾಕಿ ಗೌರಮ್ಮ. ಸಂತೋಷದಿಂದ ಅಕ್ಕನ ಕೈ ಹಿಡಿದು, “ಕಣ್ಣು ಮತ್ತೆ ಕಾಣ್ತದಾ ರಂಗಕ್ಕ? ಮತ್ತೆ ಮಿಷಿನ್ ತೆಗಿಯಮ್ಮ. ನಿನ್ನ ಹೊಲಿಗೆ ಬುಟ್ಟು ಬ್ಯಾರೆಯವ್ರದ್ದು ನನ್ ಮೈಗೆ ಕೂರಾಕಿಲ್ಲ” ಎಂದಳು.

ಅಕ್ಕ ಅವಳ ಮುಖ ನೋಡುತ್ತಿರಲಿಲ್ಲ. ಅವಳ ತೋಳಿನ ಅಂಚು ನೋಡುತ್ತಿದ್ದಳು. ಅಕ್ಕ ಕೊನೆಯ ವರ್ಷ ಹೊಲಿದ ನೀಲಿ ರವಿಕೆ ಅದು. ತೋಳಿನ ಸುತ್ತ ಕಂದು ದಾರದ ಹೊಲಿಗೆ ಎದ್ದು ಕಾಣುತ್ತಿತ್ತು, ಒಂದು ಕಡೆ ಸೊಟ್ಟಗೆ ಹೋಗಿತ್ತು. ಪೊರೆಗಣ್ಣಿಗೆ ಆಗ ನೀಲಿಯೂ ಕಂದೂ ಒಂದೇ ಆಗಿ ಕಂಡಿರಬೇಕು.

“ಇದು ನಾನು ಹೊಲ್ದಿದ್ದಾ?” ಎಂದು ಕೇಳಿದಳು.

“ಇನ್ಯಾರು ಹೊಲಿತಾರೆ?”

“ಹೊಲಿಗೆ ಹಿಂಗದೆ ಅಂತ ಯಾಕೆ ಹೇಳ್ಲಿಲ್ಲ?”

ಗೌರಮ್ಮ ತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. “ಹೇಳಿದ್ರೆ ನೀನು ಮಿಷಿನ್ ಮುಚ್ಚಿಬುಡ್ತಿದ್ದೆ. ಸೆರಗಿನ ಒಳಗಿಂದು ಯಾರು ನೋಡ್ತಾರೆ ಬುಡಮ್ಮ” ಎಂದಳು. ಸ್ವಲ್ಪ ಹೊತ್ತು ಬೇರೆ ಮಾತಾಡಿ ಹೊರಟುಹೋದಳು.

ಮಧ್ಯಾಹ್ನದ ಬಸ್ಸಿನಲ್ಲಿ ಮಧುಗಿರಿಗೆ ಹೋಗಿ ಒಂದು ಛತ್ರದಲ್ಲಿ ಕೋಣೆ ಹಿಡಿದೆವು. ಸಂಜೆ ಬೆಟ್ಟದ ಕಡೆಯ ರಸ್ತೆಯಲ್ಲಿ ನಡೆದಾಗ ಆಕಾಶಮಲ್ಲಿಗೆ ಮರಗಳ ಕೆಳಗೆ ನೆಲವೆಲ್ಲ ಬಿಳಿ ಹೂವು. ಉದ್ದ ತೊಟ್ಟಿನ ಹೂವುಗಳು ಒಂದೊಂದಾಗಿ ಗಿರಗಿರ ತಿರುಗುತ್ತಾ ಇಳಿಯುತ್ತಿದ್ದವು. ಬೀಳುವ ಹೂವನ್ನು ಗಾಳಿಯಲ್ಲೇ ಹಿಡಿಯಬೇಕೆಂದು ನಾಲ್ಕು ಚಿತ್ರ ಹಾಳುಮಾಡಿದೆ. ಬೆಟ್ಟದ ಹಿಂದೆ ಸೂರ್ಯ ಇಳಿದು ಬಂಡೆಯ ಅಂಚು ಕಪ್ಪಾದಾಗ ಅಕ್ಕ ಮತ್ತೆ ಸೆರಗು ಎತ್ತಿದಳು. ಒಂದು ಕಣ್ಣು, ಇನ್ನೊಂದು ಕಣ್ಣು. ಹತ್ತು ಸಲವಾದರೂ ಮಾಡಿರಬೇಕು.

“ಈಗ ಎರಡೂ ಒಂದೇ ಬಣ್ಣ ಹೇಳ್ತಾವೆ ಕಣ್ಲಾ” ಎಂದಳು. ಆಶ್ಚರ್ಯವಾಯಿತು. ಹಗಲೆಲ್ಲ ಜಗಳವಾಡಿದ ಕಣ್ಣುಗಳು ಮುಳುಗುವ ಬಿಸಿಲಿನ ಹಳದಿಯಲ್ಲಿ ರಾಜಿಯಾಗಿದ್ದವು. ಐದೇ ನಿಮಿಷ. ಮೇಲಿನ ಆಕಾಶ ನೀಲಿಗೆ ತಿರುಗುತ್ತಿದ್ದಂತೆ, “ಹೋಯ್ತು, ಮತ್ತೆ ಬ್ಯಾರೆ ಆದ್ವು” ಎಂದಳು.

ಶುಕ್ರವಾರ ಬೆಳಿಗ್ಗೆ ಮಂಜು ಬೆಟ್ಟದ ಅರ್ಧವನ್ನು ನುಂಗಿತ್ತು. ಅದು ಕರಗುವವರೆಗೆ ಕಾದು ಆರು ಚಿತ್ರ ತೆಗೆದೆ. ಮಧ್ಯಾಹ್ನ ಪಾವಗಡಕ್ಕೆ ಹೊರಟೆವು. ಆ ದಾರಿಯಲ್ಲಿ ಬಸ್ಸು ಆಂಧ್ರಕ್ಕೆ ಹೊಕ್ಕು ಮತ್ತೆ ಕರ್ನಾಟಕಕ್ಕೆ ಬರುತ್ತದೆ. ಬೋರ್ಡಿನ ಅಕ್ಷರ ಬದಲಾಗದಿದ್ದರೆ ಗೊತ್ತೇ ಆಗುವುದಿಲ್ಲ. ಹೊಲಗಳಲ್ಲಿ ಕಿತ್ತ ಕಡಲೆಕಾಯಿ ಗಿಡಗಳನ್ನು ಗುಡ್ಡೆ ಹಾಕಿದ್ದರು. ಮರ ಕಡಿಮೆ, ಆಕಾಶ ಜಾಸ್ತಿ. ಶನಿವಾರ ಬೆಳಿಗ್ಗೆ ಊರಾಚೆ ಒಂಟಿ ಹುಣಸೆಮರದ ಹಿಂದೆ ಬಿಳಿ ಮೋಡಗಳು ಸಾಲಾಗಿ ಬಂದವು. ನೆಲದ ಮೇಲೆ ಮಲಗಿ ತೆಗೆದೆ. ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಹೆಂಗಸು ನನ್ನನ್ನೂ ಅಕ್ಕನ ಸೆರಗನ್ನೂ ನೋಡಿ ನಕ್ಕಳು.

“ಏಮಕ್ಕಾ, ಆಯಪ್ಪ ನೆಲದಾಗೆ ಬಿದ್ದವ್ನೆ, ನೀನು ಕಣ್ಣು ಮುಚ್ಚಿದ್ದೀಯಾ. ಏನು ಚೂಸ್ತಾ ಇದ್ದೀರಾ?”

“ಮರ ನೋಡ್ತಾ ಇದೀವಿ ಕಣಮ್ಮ.”

“ದಿನಾ ಅದ್ರ ಕೆಳಗೇ ಕೂತಿರ್ತೀನಿ, ನಾನು ಒಂದಿನಾನೂ ನೋಡ್ಲಿಲ್ಲ” ಎಂದು ಅವಳೂ ತಲೆಯೆತ್ತಿದಳು. ಇನ್ನೊಂದು ಹಿಡಿ ಕಾಯಿ ಹೆಚ್ಚಿಗೆ ಹಾಕಿದಳು.

ಅಲ್ಲಿಂದ ಮರಳುವಾಗ ಅಕ್ಕ ಬಿದ್ದಳು. ಹೋಟೆಲಿನ ಮೂರು ಮೆಟ್ಟಿಲು. ಸೆರಗು ಜಾರಿ ಎರಡು ಕಣ್ಣೂ ತೆರೆದುಕೊಂಡು, ಒಂದು ಮೆಟ್ಟಿಲು ಎರಡಾಗಿ ಕಂಡಿತ್ತು. ಮಂಡಿ ತರಚಿ ರಕ್ತ ಬಂತು. ಕನ್ನಡಕ ಒಡೆಯಲಿಲ್ಲ. ನಾನು ನೀರು ತಂದು ತೊಳೆಯುತ್ತಿದ್ದರೆ ಅವಳಿಗೆ ನೋವಿಗಿಂತ ಸಿಟ್ಟು.

“ಒಂದು ಎಲ್ಲಾನೂ ದೊಡ್ಡದು ಮಾಡಿ ತೋರುಸ್ತದೆ, ಒಂದು ಮಬ್ಬು ಮಾಡಿ ತೋರುಸ್ತದೆ. ನಾನು ಯಾವುದ್ರ ಮಾತು ಕೇಳ್ಲಿ?”

“ಅದಕ್ಕೇ ಡಾಕ್ಟರು ಇನ್ನೊಂದನ್ನೂ…”

“ಡಾಕ್ಟ್ರ ಸುದ್ದಿ ತೆಗಿಬ್ಯಾಡ.”

ಮನೆಗೆ ಹೋಗೋಣವೇ ಎಂದು ಕೇಳಿದೆ. ಕನ್ನಡಕ ಒರೆಸಿಕೊಂಡು, “ಸಿರಾ ಒಂದು ಉಳ್ಕೊಂಡದಲ್ಲ, ನೋಡ್ಬುಟ್ಟು ಹೋಗಾನ” ಎಂದಳು.

ಭಾನುವಾರ ಹತ್ತು ಗಂಟೆಗೆ ಸಿರಾದಲ್ಲಿ ಇಳಿದಾಗ ಬಿಸಿಲು ಚುರುಕಾಗಿತ್ತು. ರೋಲಿನಲ್ಲಿ ಐದು ಚಿತ್ರ ಉಳಿದಿದ್ದವು. ಹಳೆಯ ಪೇಟೆಯ ಗಲ್ಲಿಯೊಂದರಲ್ಲಿ ನಡೆಯುತ್ತಿದ್ದಾಗ ಗೋಡೆಯ ಮೇಲಿಂದ ಬಾದಾಮಿ ಮರ ತಲೆ ಹಾಕಿತ್ತು. ಈ ಸೀಮೆಯಲ್ಲಿ ಉದುರುವ ಮುಂಚೆ ಕೆಂಪಾಗುವ ಮರವೆಂದರೆ ನಾನು ಕಂಡದ್ದು ಅದೊಂದೇ. ಅರ್ಧ ಎಲೆ ಹಸುರು, ಅರ್ಧ ಕೆಂಪು. ಬಾಗಿಲ ಜಗುಲಿಯ ಮೇಲೆ ಬಿಳಿ ಗಡ್ಡದ ಮುದುಕರೊಬ್ಬರು ಕುಳಿತಿದ್ದರು. ಫೋಟೋ ತೆಗೆಯಬಹುದೇ ಎಂದು ಕೇಳಿದೆ.

“ಝಾಡ್‌ದಾ, ಈ ಮರದ್ದಾ? ತೆಗೀರಿ ತೆಗೀರಿ” ಎಂದು ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಕಣ್ಣಿನೊಳಗೆ ಬೂದು ಬಣ್ಣದ ಪೊರೆ ನನಗೂ ಕಾಣುವಷ್ಟಿತ್ತು. “ಕೆಂಪಾಗಿದೆಯೇನು? ನನಗೆ ಕಣ್ಣು ಹೋಗಿ ನಾಲ್ಕು ಸಾಲ್ ಆಯ್ತು, ಎಲೆ ಬಿದ್ದ ಸದ್ದು ಮಾತ್ರ ಗೊತ್ತು.”

ಅವರ ಹೆಸರು ಇಮಾಮ್ ಸಾಬ್. ಅಕ್ಕ ಹೇಳದೆ ಕೇಳದೆ ಜಗುಲಿಯ ತುದಿಯಲ್ಲಿ ಕುಳಿತಳು. ಬಿದ್ದ ಎಲೆಯೊಂದನ್ನು ಎತ್ತಿ, ಎಡಗಣ್ಣು ಮುಚ್ಚಿ, ಹತ್ತಿರ ಹಿಡಿದು ನೋಡಿದಳು. “ಕೆಂಪಾಗೇ ಅದೆ ಸಾಬ್ರೇ. ನಡುವೆ ಧಾರೆ ಸೀರೆ ಕೆಂಪು. ತೊಟ್ಟಿನ ಹತ್ರ ಇನ್ನೂ ಗಿಣಿ ಹಸುರು. ಅಂಚಿಗೆ ಯಾರೋ ಹಳದಿ ದಾರದಾಗೆ ಹೊಲ್ದಂಗದೆ” ಎಂದಳು. ಆಮೇಲೆ ತನ್ನ ಕಣ್ಣಿನ ವಿಷಯ ತಾನೇ ಹೇಳಿದಳು.

ಸಾಬರು ಮುಂದಕ್ಕೆ ಬಾಗಿದರು. “ನನ್ನ ಬೇಟಾನೂ ಮಾಡಿಸ್ಕೋ ಅಂತಾನೆ ಬೆಹನ್. ನನಗೆ ಡರ್ ಆಗ್ತದೆ. ಸಚ್ ಹೇಳು, ದರ್ದ್ ಬಹಳ ಇತ್ತಾ?”

ನಾನು ಕ್ಯಾಮೆರಾ ಇಳಿಸಿದೆ. ಅಕ್ಕ ಎಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಯೋಚಿಸಿದಳು.

“ನೋವು ಅಷ್ಟೇನಿಲ್ಲ. ಅಲುಗಾಡ್ದಂಗೆ ಮಲಗೋದು ಕಷ್ಟ ಸಾಬ್ರೇ, ಸುಳ್ಳು ಹೇಳಾಕಿಲ್ಲ. ಎದ್ದು ಓಡೋಗಿಬುಡಾನ ಅನ್ನುಸ್ತದೆ.”

“ಆಮೇಲೆ?”

“ಆಮೇಲೆ ಕಾಣ್ತದೆ. ಬ್ಯಾಡ ಅಂದ್ರೂ ಕಾಣ್ತದೆ. ನಾವು ಮಾಡಿದ ತಪ್ಪೂ ಕಾಣ್ತದೆ, ಯಾರು ಅದನ್ನ ಹೊಟ್ಟೆಗೆ ಹಾಕ್ಕೊಂಡಿದ್ರು ಅಂತಾನೂ ಕಾಣ್ತದೆ.” ಮಡಿಲಿನ ಎಲೆ ತಿರುಗಿಸುತ್ತಾ ಹೇಳಿದಳು: “ನಾಳೆ ಸೋಮವಾರ ನಾನು ಇನ್ನೊಂದು ಕಣ್ಣಿಗೆ ಹೋಗ್ತಾ ಇದೀನಿ.”

ಇದು ನನಗೂ ಹೊಸ ಸುದ್ದಿ. ಸಾಬರು ಗಡ್ಡ ಸವರಿಕೊಂಡರು. “ನಿಂದು ಆದಮೇಲೆ ಹೆಂಗಾಯ್ತು ಅಂತ ಖತ್ ಹಾಕ್ತೀಯಾ? ಬೇಟಾ ಓದಿ ಹೇಳ್ತಾನೆ” ಎಂದರು. ಅಕ್ಕ ಆಗಲಿ ಎಂದಳು. ಒಳಗಿನಿಂದ ಚಹಾ ಬಂತು. ಉಳಿದ ಐದೂ ಚಿತ್ರಗಳನ್ನು ಅದೊಂದೇ ಮರಕ್ಕೆ ಮುಗಿಸಿದೆ. ಗಲ್ಲಿಯ ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಸಾಬರು ಜಗುಲಿಯಿಂದಿಳಿದು, ಬಗ್ಗಿ, ನೆಲದ ಮೇಲೆ ಕೈಯಾಡಿಸಿ ಒಂದು ಎಲೆ ಹುಡುಕುತ್ತಿದ್ದರು.

ಎರಡು ಗಂಟೆಯ ಬಸ್ಸು ಹೆದ್ದಾರಿ ಹಿಡಿದ ಮೇಲೆ ಕೇಳಿದೆ: “ಅಕ್ಕ, ಸಾಬರಿಗೆ ಧೈರ್ಯ ಹೇಳಕ್ಕೆ ಹಂಗಂದ್ಯಾ, ಇಲ್ಲ ನಿಜವಾಗ್ಲೂ ಹೋಗ್ತೀಯಾ?”

“ಬಾಯಿಂದ ಬರೋಗಂಟ ನಂಗೂ ಗೊತ್ತಿರ್ಲಿಲ್ಲ ಕಣ್ಲಾ.”

ಕಿಟಕಿಯ ಗಾಳಿಗೆ ಕನ್ನಡಕ ಹಾರೀತೆಂದು ಅದನ್ನು ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. “ಅವ್ರ ವಿಳಾಸ ಬರ್ಕೊಂಡಿದೀಯ ತಾನೇ? ನಂಗೆ ಪಟ್ಟಿ ಕಟ್ಟಿರ್ತಾರೆ. ಕಾಗದ ನೀನೇ ಬರೀಬೇಕು. ನಾನು ಹೇಳ್ದಂಗೇ ಬರಿ, ನಿಂದೇನೂ ಸೇರುಸ್ಬ್ಯಾಡ” ಎಂದು ಹೇಳಿ, ಕಿಟಕಿಗೆ ತಲೆಯೊರಗಿಸಿ ನಿದ್ದೆಹೋದಳು.